ಖಾಲಿ ಡಬ್ಬಿಗೆ ಟವೆಲ್ಲು ಹಾಕಿದವರು

ಆ ಊರಿನ ಹೆಸರು ಹೇಳುವುದಿಲ್ಲ. ಹೇಳಿದರೆ ಅಲ್ಲಿಯವರು ಯಾರಾದರೂ ಓದಿ, ನಮ್ಮ ರೋಪ್‌ವೇ ಬಗ್ಗೆ ಬಾಯಿ ಹಾಕಲು ಕುಷ್ಟಗಿಯ ಸಾಲಿ ಟೀಚರಿಗೆ ಏನು ಹಕ್ಕು ಎಂದು ಕೇಳಿಯಾರು. ಹಕ್ಕಿದೆ. ನಾನು ಅದರಲ್ಲಿ ಕೂತು ಬಂದವಳು. ಆ ಊರಿನಲ್ಲಿ ಹುಟ್ಟಿ ಬೆಳೆದವರಲ್ಲೂ ಈ ಮಾತು ಹೇಳಬಲ್ಲವರು ಬಹಳ ಜನ ಇರಲಿಕ್ಕಿಲ್ಲ.

ನಮ್ಮ ಕಡೆ ರೋಪ್‌ವೇ ಎಂದರೆ ಬೆಟ್ಟ ಹತ್ತಲು ಆಗದವರನ್ನು ಗುಡಿಗೆ ಮುಟ್ಟಿಸುವ ಸಾಧನ ಎಂದು ತಿಳಿದಿದ್ದೇವೆ. ಆ ಊರಿನಲ್ಲಿ ಬೆಟ್ಟವೂ ಇಲ್ಲ, ಕಣಿವೆಯೂ ಇಲ್ಲ. ಯಲಬುರ್ಗಾದ ಎರೆ ಹೊಲದ ಹಾಗೆ ಚಪ್ಪಟೆ ನೆಲ. ಅದರ ಮೇಲೆ ರೈಲ್ವೆ ಸ್ಟೇಷನ್ನಿನಿಂದ ಹೊಸ ಬಸ್‌ಸ್ಟ್ಯಾಂಡಿನವರೆಗೆ ಕಂಬ ನೆಟ್ಟು, ಕಬ್ಬಿಣದ ಹಗ್ಗ ಎಳೆದು, ಗಾಜಿನ ಡಬ್ಬಿಗಳನ್ನು ತೂಗುಬಿಟ್ಟಿದ್ದಾರೆ. ಜನ ಆಫೀಸಿಗೆ, ಕಾಲೇಜಿಗೆ ಗಾಳಿಯಲ್ಲಿ ಹೋಗುತ್ತಾರೆ, ಕೆಳಗಿನ ರಸ್ತೆ ಹಗುರಾಗುತ್ತದೆ ಎಂದು ಯಾರೋ ದೊಡ್ಡವರು ಕನಸು ಕಂಡಿದ್ದಾರೆ. ಜನ ಜಾಣರು. ಸ್ಟೇಷನ್ನಿನ ಬಾಗಿಲಲ್ಲೇ ಆಟೋ ನಿಂತಿರುವಾಗ ಮೇಲೆ ಹತ್ತಿ, ತೂಗಾಡಿ, ಮತ್ತೆ ಕೆಳಗಿಳಿಯುವ ಉಸಾಬರಿ ಯಾರಿಗೆ ಬೇಕು? ಬೆಟ್ಟ ಅಗೆದು ಇಲಿ ಹಿಡಿದರು ಎನ್ನೋಣವೆಂದರೆ ಅಲ್ಲಿ ಅಗೆಯಲು ಬೆಟ್ಟವೇ ಇರಲಿಲ್ಲ. ಕೊನೆಗೆ, ಓಡಾಡುವವರು ಬರದಿದ್ದರೆ ನೋಡುವವರಾದರೂ ಬರಲಿ ಎಂದು ಅದನ್ನು ಪ್ರವಾಸದ ಪಟ್ಟಿಗೆ ಸೇರಿಸಿದರು. ಆ ಪಟ್ಟಿಗೆ ಸಿಕ್ಕವರು ನಾವು.

ನಾವು ಎಂದರೆ ನಾನು, ನನಗಿಂತ ಎಂಟು ವರ್ಷ ದೊಡ್ಡವಳಾದ ಅಕ್ಕ, ಮತ್ತು ಅಕ್ಕನ ಗಂಡ. ಅವರನ್ನು ನಾನು ಮಾಮಾ ಎನ್ನುತ್ತೇನೆ. ಯಲಬುರ್ಗಾದಲ್ಲಿ ಅವರದು ಬೀಜ, ಗೊಬ್ಬರದ ಅಂಗಡಿ. ಹೆಚ್ಚು ಮಾಲು ಮಾರಿದ ಅಂಗಡಿಕಾರರನ್ನು ಬೀಜದ ಕಂಪನಿಯವರು ವರ್ಷಕ್ಕೊಮ್ಮೆ ಟೂರಿಗೆ ಕರೆದೊಯ್ಯುತ್ತಾರೆ. ಅದರಲ್ಲೂ ಮೇಲು ಕೀಳು ಇದೆ. ಸಿದ್ದಾಪುರ, ಗಂಗಾವತಿ ಕಡೆಯವರು ಕಾಲುವೆ ನೀರಿನ ಮೇಲೆ ವರ್ಷಕ್ಕೆರಡು ಭತ್ತದ ಬೆಳೆಗೆ ಬೀಜ ಮಾರುತ್ತಾರೆ. ಅವರಿಗೆ ವಿಮಾನ, ಸಮುದ್ರ, ಪರದೇಶ. ಮಳೆಯನ್ನು ನಂಬಿ ಕೂತ ಯಲಬುರ್ಗಾದವರಿಗೆ ಬಸ್ಸು, ಬಿಸಿಲು ಮತ್ತು ಇಂಥ ಊರು. ಮಾಮಾ ಮಾತ್ರ ಪರದೇಶದ ಊಟ ನಮ್ಮ ಹೊಟ್ಟೆಗೆ ಒಗ್ಗುವುದಿಲ್ಲ, ಅದಕ್ಕೇ ತಾನು ಹೋಗುವುದಿಲ್ಲ ಎಂದು ಅಂಗಡಿಗೆ ಬಂದವರಿಗೆಲ್ಲ ಹೇಳುತ್ತಾರೆ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಅವರನ್ನು ಪರದೇಶಕ್ಕೆ ಕರೆದವರು ಯಾರು ಎಂದು ನಾನು ಒಮ್ಮೆ ಕೇಳಿದ್ದೆ. ಅವತ್ತಿನಿಂದ ನನ್ನ ನಾಲಿಗೆ ಉದ್ದ ಎಂದು ಅವರ ಅಭಿಪ್ರಾಯ.

ಮಾಮಾನ ಒಂದು ವಿದ್ಯೆಯ ಬಗ್ಗೆ ಇಲ್ಲೇ ಹೇಳಿಬಿಡಬೇಕು. ಬಸ್ಸು ಇನ್ನೂ ಸ್ಟ್ಯಾಂಡಿನೊಳಗೆ ತಿರುಗುತ್ತಿರುವಾಗಲೇ ಕಿಟಕಿಯೊಳಗೆ ಟವೆಲ್ಲು ಒಗೆದು ಸೀಟು ಹಿಡಿಯುವುದರಲ್ಲಿ ಇಡೀ ಯಲಬುರ್ಗಾದಲ್ಲಿ ಅವರಿಗೆ ಸಮ ಇಲ್ಲ. ನಮ್ಮ ಕಡೆ ಟವೆಲ್ಲು ಬಿದ್ದ ಸೀಟು ಎಂದರೆ ನೋಂದಣಿಯಾದ ಹೊಲ. ಅದರ ಮೇಲೆ ಕೂತವನು ಇಡೀ ಬಸ್ಸಿನ ಬೈಗುಳ ತಿಂದು ಏಳಬೇಕು. ಹಿಂದಿನಿಂದ ಮೂರನೇ ಕಿಟಕಿಗೆ ಗುರಿಯಿಟ್ಟು, ಎರಡು ಸೀಟಿಗೂ ಚಾಚಿ ಬೀಳುವಂತೆ ಮಾಮಾ ಒಗೆಯುವುದನ್ನು ನೋಡಿ ಕಂಡಕ್ಟರುಗಳೇ ತಲೆದೂಗಿದ್ದಾರೆ. ಅಲ್ಲಿಗೆ ಮುಗಿಯಲಿಲ್ಲ. ಮದುವೆ ಮನೆಯ ಊಟದ ಸಾಲಿನಲ್ಲಿ, ದವಾಖಾನೆಯ ಬೆಂಚಿನಲ್ಲಿ, ಕಟಿಂಗ್ ಅಂಗಡಿಯ ಕುರ್ಚಿಯಲ್ಲಿ ಕೂಡ ಮೊದಲು ಅವರ ಟವೆಲ್ಲು ಕೂಡುತ್ತದೆ, ಆಮೇಲೆ ಅವರು. ಜಾಗ ಇದೆಯೋ ಇಲ್ಲವೋ ಎಂದು ನೋಡುವುದು ಅವರ ಪದ್ಧತಿಯಲ್ಲ. ಅವರು ಹೀಗೆ ಹಿಡಿದ ಎರಡು ಸೀಟಿನಲ್ಲಿ ಕಿಟಕಿಯದು ಅವರಿಗೆ. ಇನ್ನೊಂದು ಅಕ್ಕನಿಗೆ. ಅಕ್ಕ ಅದನ್ನು ಮುಂದಿನ ಊರಿನಲ್ಲಿ ಹತ್ತಿದ ಯಾವುದೋ ಮುದುಕಿಗೋ ಬಸುರಿಗೋ ಬಿಟ್ಟುಕೊಟ್ಟು ಕೊಪ್ಪಳದವರೆಗೆ ಕಂಬಿ ಹಿಡಿದು ನಿಲ್ಲುತ್ತಾಳೆ.

ಈ ಅಕ್ಕನಿಗೆ ಒಂದೇ ಒಂದು ಆಸೆಯಿತ್ತು. ಒಮ್ಮೆಯಾದರೂ ಎತ್ತರದಲ್ಲಿ ಕೂತು ಕೆಳಗಿನ ಜಗತ್ತು ಹೇಗೆ ಕಾಣುತ್ತದೆ ಎಂದು ನೋಡಬೇಕು. ಅರವತ್ತು ದಾಟಿದ ಹೆಂಗಸಿನ ಇಂಥ ಆಸೆ ಕೇಳಿ ನಗುವವರು ನಗಲಿ. ಶ್ರಾವಣದ ಒಂದು ಶನಿವಾರ ನಮ್ಮ ಎರಡೂ ಮನೆಯವರು ಕ್ರೂಸರ್ ಗಾಡಿ ಮಾಡಿಕೊಂಡು, ಬುತ್ತಿ ಕಟ್ಟಿಕೊಂಡು, ಗಂಗಾವತಿ ದಾಟಿ ಅಂಜನಾದ್ರಿಗೆ ಹೋಗುವುದು ನನಗೆ ಬುದ್ಧಿ ಬಂದಾಗಿನಿಂದ ಇದೆ. ಐನೂರಕ್ಕೂ ಹೆಚ್ಚು ಮೆಟ್ಟಿಲು. ಎಲ್ಲರೂ ಹತ್ತಿದ್ದೇವೆ, ಅಕ್ಕ ಹತ್ತಿಲ್ಲ. ಮೊದಮೊದಲು ಅವಳ ತೊಡೆಯ ಮೇಲೆ ಕೂಸಿರುತ್ತಿತ್ತು. ಆಮೇಲೆ ಅವಳ ಅತ್ತೆ. ಆ ಮುದುಕಿಗೆ ಹತ್ತಲು ಆಗುತ್ತಿರಲಿಲ್ಲ, ಒಬ್ಬಳೇ ಕೂಡಲು ಅಂಜಿಕೆ. ಅತ್ತೆ ತೀರಿಕೊಂಡ ಮೇಲೆ ಅಕ್ಕನ ಮೊಣಕಾಲುಗಳೇ ಕೈಕೊಟ್ಟವು. ಬುತ್ತಿಯ ಗಂಟು, ಚಪ್ಪಲಿ ನೋಡಿಕೊಳ್ಳಲು ಒಬ್ಬರು ಕೆಳಗೆ ಇರಲೇಬೇಕಲ್ಲ ಎನ್ನುವುದು ನಮ್ಮ ಮನೆತನದ ಕಾನೂನು. ಆ ಒಬ್ಬರು ಯಾರು ಎಂದು ಯಾವ ವರ್ಷವೂ ಚರ್ಚೆಯಾಗಲಿಲ್ಲ.

ಬೆಟ್ಟಕ್ಕೆ ರೋಪ್‌ವೇ ಬರುತ್ತದಂತೆ ಎಂಬ ಮಾತು ನಮ್ಮಲ್ಲಿ ಆಗಾಗ ಏಳುತ್ತದೆ. ಎದ್ದಾಗಲೆಲ್ಲ ಅಕ್ಕ ರೊಟ್ಟಿ ಬಡಿಯುವುದನ್ನು ನಿಲ್ಲಿಸಿ ಕೇಳುತ್ತಿದ್ದಳು. ಬರಲಿ ತಡಿ, ಮೊದಲನೇ ದಿನವೇ ನಿನ್ನನ್ನು ಕೂಡಿಸಿಕೊಂಡು ಹೋಗುತ್ತೇನೆ ಎಂದು ಮಾಮಾ ಉದಾರವಾಗಿ ಹೇಳುತ್ತಿದ್ದರು. ಮಾತಿಗೇನು ಬರಗಾಲ? ಅಕ್ಕ ಮಾತ್ರ ಅದನ್ನು ನಿಜವೆಂದು ನಂಬಿ ಮತ್ತೆ ರೊಟ್ಟಿ ಬಡಿಯುತ್ತಿದ್ದಳು.

ಹೋದ ವರ್ಷ ಕಂಪನಿಯ ಟೂರಿನ ಕಾಗದ ಬಂದಾಗ ನಾನು ಯಲಬುರ್ಗಾಕ್ಕೆ ಹೋಗಿದ್ದೆ. ಅಕ್ಕ ಅದನ್ನು ನನ್ನಿಂದ ಓದಿಸಿದಳು. ಮೂರನೇ ದಿನದ ಸಾಲಿನಲ್ಲಿ ರೋಪ್‌ವೇ ಎಂದಿತ್ತು. ಮತ್ತೊಮ್ಮೆ ಓದು ಎಂದಳು. ಓದಿದೆ. ಪ್ರತಿ ವರ್ಷ ಮಾಮಾ ತನ್ನ ಜೊತೆಗಿನ ಸೀಟಿಗೆ ಪಕ್ಕದ ಅಂಗಡಿಯ ಗೆಳೆಯನನ್ನು ಕರೆದೊಯ್ಯುವುದು ರೂಢಿ. ಅವತ್ತು ರಾತ್ರಿ ಊಟಕ್ಕೆ ಬಡಿಸುತ್ತಾ ಅಕ್ಕ, “ಈ ಸಲ ನಾ ಬರ್ತೀನ್ರಿ” ಎಂದಳು. ಕೇಳಿದ್ದಲ್ಲ, ಹೇಳಿದ್ದು. ಮದುವೆಯಾದ ಇಷ್ಟು ವರ್ಷದಲ್ಲಿ ಅವಳು ಹೀಗೆ ಹೇಳಿದ್ದನ್ನು ನಾನಂತೂ ಕೇಳಿರಲಿಲ್ಲ. ಮಾಮಾ ತುತ್ತು ಕೈಯಲ್ಲೇ ಹಿಡಿದು ನನ್ನ ಮುಖ ನೋಡಿದರು, ನಾನೇ ಕಿವಿ ಊದಿದೆ ಎಂಬಂತೆ. ಆಕೆಯ ಕಾಲಿಗೆ ಆಸರೆ ಬೇಕಲ್ಲ ಎಂದು ಕೊನೆಗೆ ನನ್ನನ್ನೂ ಸೇರಿಸಿದರು. ಭಾಗ್ಯನಗರದ ಒಬ್ಬ ಅಂಗಡಿಕಾರರು ಬರಲು ಆಗುವುದಿಲ್ಲ ಎಂದದ್ದರಿಂದ ಒಂದು ಸೀಟು ಉಳಿದಿತ್ತು.

ಮೊದಲ ಎರಡು ದಿನದ ಬಗ್ಗೆ ಬರೆದು ಕಾಗದ ಕೆಡಿಸುವುದಿಲ್ಲ. ಕಂಪನಿಯ ಹೆಸರಿದ್ದ ಟೊಪ್ಪಿಗೆ ಹಾಕಿಕೊಂಡ ನಲವತ್ತು ಮಂದಿ ಕೋಟೆ, ಮಹಲು, ತೋಟಗಳ ಮುಂದೆ ನಿಂತು ಬ್ಯಾನರ್ ಹಿಡಿದು ಫೋಟೋ ತೆಗೆಸಿಕೊಂಡೆವು. ಕೋಟೆಯನ್ನು ನೋಡಿದವರಿಲ್ಲ, ಫೋಟೋ ನೋಡಿದವರೇ ಎಲ್ಲ. ಅಕ್ಕ ಪ್ರತಿ ರಾತ್ರಿ ಮಲಗುವಾಗ, ರೋಪ್‌ವೇ ನಾಳೆಯೋ ನಾಡಿದ್ದೋ ಎಂದು ನನ್ನನ್ನು ಕೇಳಿ ಖಾತ್ರಿ ಮಾಡಿಕೊಳ್ಳುತ್ತಿದ್ದಳು.

ಮೂರನೇ ದಿನ ಮಧ್ಯಾಹ್ನ ಗೈಡು ಬಸ್ಸಿನಲ್ಲಿ ಎದ್ದು ನಿಂತು, ಬೇಕಾದವರು ರೋಪ್‌ವೇಗೆ ಹೋಗಬಹುದು, ಬೇಡವಾದವರು ಬಜಾರಿಗೆ ಹೋಗಬಹುದು, ಬಸ್ಸು ಸರಿಯಾಗಿ ಐದಕ್ಕೆ ಇದೇ ಜಾಗದಿಂದ ಬಿಡುತ್ತದೆ, ಒಬ್ಬರಿಗಾಗಿ ಕಾಯುವುದಿಲ್ಲ ಎಂದ. ಗಂಡಸರು, ಹೆಂಗಸರು, ಎಲ್ಲರೂ ಬಜಾರಿನ ಕಡೆ ನಡೆದರು. ರೋಪ್‌ವೇ ಕಡೆ ತಿರುಗಿದವರು ನಾವು ಮೂವರೇ. ಮಾಮಾ ಬಂದದ್ದು ಅಕ್ಕನ ಆಸೆಗಾಗಿ ಎಂದು ಯಾರೂ ತಿಳಿಯಬೇಡಿ. ಟಿಕೆಟ್ಟು ಕಂಪನಿಯದು, ಬಿಟ್ಟರೆ ಹಾಳು ಎಂಬ ಸಂಕಟಕ್ಕೆ ಬಂದರು.

ಕೆಳಗಿನ ಬಾಗಿಲಲ್ಲಿ ಒಬ್ಬ ಟಿಕೆಟ್ಟು ಹರಿದು ಒಳಗೆ ಬಿಟ್ಟ. ಒಳಗೆ ಹೋದರೆ ಮದುವೆ ಮುಗಿದ ಮರುದಿನದ ಕಲ್ಯಾಣ ಮಂಟಪ. ಅಷ್ಟು ದೊಡ್ಡ ಹಜಾರ, ಹೊಳೆಯುವ ನೆಲ, ಒಬ್ಬ ನರಮನುಷ್ಯನಿಲ್ಲ. ಡಬ್ಬಿ ಹತ್ತುವ ಜಾಗ ಇದ್ದದ್ದು ಮೇಲಿನ ಮಹಡಿಯಲ್ಲಿ. ಲಿಫ್ಟಿನ ಮುಂದೆ ಒಂದು ಕುರ್ಚಿ ಅಡ್ಡ ಇಟ್ಟು ಚೀಟಿ ಅಂಟಿಸಿದ್ದರು. ಪ್ರಯಾಣಿಕರು ಕಡಿಮೆ ಇರುವುದರಿಂದ ಲಿಫ್ಟು ಬಂದ್. ನನಗೆ ಮೈ ಉರಿದುಹೋಯಿತು. ಜನ ಬರುವುದಿಲ್ಲ ಎಂದು ಲಿಫ್ಟು ನಿಲ್ಲಿಸುತ್ತಾರೆ, ಲಿಫ್ಟು ಇಲ್ಲ ಎಂದು ಜನ ಬರುವುದಿಲ್ಲ, ಎರಡನ್ನೂ ಕೂಡಿಸಿ ಯೋಚಿಸುವ ತಲೆ ಆ ಕಟ್ಟಡದಲ್ಲಿ ಯಾರ ಹೆಗಲ ಮೇಲೂ ಇರಲಿಲ್ಲ. ಮೆಟ್ಟಿಲು ಹತ್ತಲಾಗದವರಿಗಾಗಿ ಮಾಡಿದ ಸಾಧನವನ್ನು ಮುಟ್ಟಲು ಮೆಟ್ಟಿಲು ಹತ್ತಬೇಕು. ನಾನು ಎಣಿಸಿದೆ, ಅರವತ್ತೆರಡು.

ಅಕ್ಕ ಒಮ್ಮೆ ಮೇಲೆ ನೋಡಿದಳು. ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡಳು. ಒಂದು ಕೈಯಲ್ಲಿ ಕಂಬಿ, ಇನ್ನೊಂದು ನನ್ನ ಭುಜದ ಮೇಲೆ. ಒಂದೊಂದು ಮೆಟ್ಟಿಲಿಗೂ ಎರಡೂ ಪಾದ ಕೂಡಿಸಿ, ಉಸಿರು ಎಳೆದುಕೊಂಡು ಮುಂದಿನದಕ್ಕೆ ಹೋಗುತ್ತಿದ್ದಳು. ಹತ್ತು ಮೆಟ್ಟಿಲಿಗೆಲ್ಲ ಮಾಮಾನಿಗೆ ತಾಳ್ಮೆ ಮುಗಿಯಿತು.

“ನೀವು ನಿಧಾನಕ ಬರ್ರಿ. ನಾ ಮುಂದ ಹೋಗಿ ಜಾಗಾ ಹಿಡಿತೀನಿ” ಎಂದು ಹೆಗಲ ಮೇಲಿನ ಟವೆಲ್ಲು ಕೊಡವಿಕೊಂಡು ದಡದಡ ಹತ್ತಿಹೋದರು.

ಯಾರ ಜೊತೆ ಪೈಪೋಟಿ ಮಾಡಿ ಜಾಗ ಹಿಡಿಯುತ್ತಾರೆ ಎಂದು ನಾನು ಅಕ್ಕನನ್ನು ಕೇಳಿದೆ. ಅಕ್ಕ ನಗಲು ಹೋಗಿ, ಮೊಣಕಾಲು ಹಿಡಿದುಕೊಂಡು ನಿಂತಳು.

ನಾವು ಮೇಲೆ ಮುಟ್ಟುವ ಹೊತ್ತಿಗೆ ಕಂಡದ್ದು ಇದು. ಡಬ್ಬಿಗಳು ಹಗ್ಗದಿಂದ ಇಳಿದು, ಬಾಗಿಲು ತೆರೆದುಕೊಂಡು, ಕಟ್ಟೆಯ ಪಕ್ಕದಲ್ಲಿ ನಿಲ್ಲದೆ ನಿಧಾನವಾಗಿ ಜರುಗುತ್ತಿದ್ದವು. ಒಂದೊಂದರಲ್ಲಿ ಎಂಟು ಜನ ಕೂಡಬಹುದು. ಎಲ್ಲವೂ ಖಾಲಿ. ಕಟ್ಟೆಯ ಕೊನೆಗೆ ಬಾಗಿಲು ತಾನಾಗಿ ಮುಚ್ಚಿಕೊಂಡು ಡಬ್ಬಿ ಗಾಳಿಗೆ ಹಾರುತ್ತಿತ್ತು. ಜರುಗುವ ಗಾಡಿ, ತೆರೆದ ಬಾಗಿಲು, ಒಳಗೆ ಸೀಟು; ಇಷ್ಟನ್ನು ಕಂಡ ಮೇಲೆ ಯಲಬುರ್ಗಾದ ಗಂಡಸಿನ ಕೈ ಸುಮ್ಮನಿರುತ್ತದೆಯೇ? ಮಾಮಾ ಟವೆಲ್ಲು ಒಗೆದರು. ಗುರಿ ತಪ್ಪಲಿಲ್ಲ. ನೀಟಾಗಿ ಕಿಟಕಿಯ ಪಕ್ಕದ ಸೀಟಿಗೆ ಬಿತ್ತು. ಬಸ್ಸಾದರೆ ಟವೆಲ್ಲು ಹಾಕಿದ ಮೇಲೆ ನಿಲ್ಲುತ್ತದೆ, ಕಂಡಕ್ಟರು ಇಳಿಯುತ್ತಾನೆ, ನಾವು ಸಾವಕಾಶ ಚಹಾ ಕುಡಿದು ಹತ್ತಬಹುದು. ಮಾಮಾ ಆ ಧೈರ್ಯದಲ್ಲೇ ನಮ್ಮ ಕಡೆ ತಿರುಗಿ, ಸೊಂಟದ ಮೇಲೆ ಕೈ ಇಟ್ಟುಕೊಂಡು, ಬರ್ರಿ ಬರ್ರಿ ಎಂದು ಕರೆದರು. ಅವರ ಬೆನ್ನ ಹಿಂದೆ ಟವೆಲ್ಲು ಹೊರಟಿತ್ತು.

ಅವರು ತಿರುಗಿ ನೋಡಿ ಓಡಿದ ಓಟವನ್ನು ನಾನು ಸಾಯುವವರೆಗೆ ಮರೆಯುವುದಿಲ್ಲ. ಕಾವಲಿಗೆ ಒಬ್ಬ ದಪ್ಪ ಮೀಸೆಯ ನೌಕರ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತು ಫೋನು ನೋಡುತ್ತಿದ್ದ. ಅವನು ಏಳುವಷ್ಟರಲ್ಲಿ ಮಾಮಾ ಮುಚ್ಚುತ್ತಿದ್ದ ಬಾಗಿಲಿನೊಳಗೆ ಅಡ್ಡಡ್ಡ ನುಗ್ಗಿದ್ದರು. ಬಾಗಿಲು ಮುಚ್ಚಿತು. ಡಬ್ಬಿ ಹಾರಿತು. ಗಾಜಿನ ಹಿಂದಿನಿಂದ ಮಾಮಾ ಬಾಯಿ ತೆರೆದು ಏನೋ ಕೂಗಿದರು, ಕೇಳಲಿಲ್ಲ. ಕೈ ಮಾಡಿದ್ದು ಮಾತ್ರ ಸ್ಪಷ್ಟ ಕಂಡಿತು. ಅಂಗೈ ಕೆಳಗೆ ಮಾಡಿ, ಎರಡು ಸಲ ಒತ್ತಿ ತೋರಿಸಿದರು. ಅಲ್ಲೇ ಕುಂದ್ರು, ನಾ ಬರೂತನಕ.

ಅಕ್ಕ ಹೋಗಿ ಕಬ್ಬಿಣದ ಬೆಂಚಿನ ಮೇಲೆ ಕೂತುಬಿಟ್ಟಳು.

ನಾನು ಮೀಸೆಯವನ ಹತ್ತಿರ ಹೋದೆ. ನಿಜಾಮನ ಕಾಲದಿಂದ ನಮ್ಮ ಕಡೆ ಉಳಿದುಕೊಂಡಿರುವ ಹಿಂದಿಯಲ್ಲಿ, ಹೋದವರು ಯಾವಾಗ ಬರುತ್ತಾರೆ ಎಂದು ಕೇಳಿದೆ. ಆ ತುದಿಗೆ ಹದಿನೈದು ನಿಮಿಷ, ಈ ಕಡೆಗೆ ಹದಿನೈದು ಎಂದ. ನಗು ತಡೆದುಕೊಂಡಿದ್ದ, ಮೀಸೆ ಅಲುಗುತ್ತಿತ್ತು. ಎಲ್ಲ ಡಬ್ಬಿಯೂ ಖಾಲಿಯೇ ಇದೆಯಲ್ಲ, ಅವರು ಬಟ್ಟೆ ಯಾಕೆ ಎಸೆದರು ಎಂದು ಕೇಳಿದ. ನನ್ನಲ್ಲಿದ್ದ ಹಿಂದಿ ಅದನ್ನು ವಿವರಿಸುವಷ್ಟು ಇರಲಿಲ್ಲ. ಗಡಿಯಾರ ನೋಡಿದೆ, ನಾಲ್ಕೂ ಹತ್ತು. ಮಾಮಾ ತಿರುಗಿ ಬರುವಾಗ ನಾಲ್ಕೂ ನಲವತ್ತು. ಆಮೇಲೆ ನಾವು ಹೋಗಿ ಬರುವುದಕ್ಕೆ ಮತ್ತೆ ಅರ್ಧ ಗಂಟೆ. ಐದಕ್ಕೆ ಬಸ್ಸು. ಕಾಯುತ್ತಾ ಕೂತರೆ ಅಕ್ಕನಿಗೆ ಇವತ್ತೂ ಇಲ್ಲ, ಮತ್ತೆಂದೂ ಇಲ್ಲ. ಮಾಮಾ ಬಂದು, ಹೊತ್ತಾತು ನಡಿರಿ ಎಂದು ಮೆಟ್ಟಿಲು ಇಳಿಸುತ್ತಾರೆ, ಬಸ್ಸಿನಲ್ಲಿ ಎಲ್ಲರಿಗೂ ತಾನು ಕಂಡದ್ದನ್ನು ಹೇಳುತ್ತಾರೆ.

ಇದನ್ನೆಲ್ಲ ನಾನು ಅಕ್ಕನಿಗೆ ಹೇಳಿದೆ. ಟಿಕೆಟ್ಟು ಕೆಳಗೇ ಹರಿದಾಗಿದೆ, ಯಾರೂ ತಡೆಯುವುದಿಲ್ಲ, ಏಳು ಎಂದೆ. ಅವರು ಬಂದು ಇಲ್ಲೇ ಹುಡುಕುತ್ತಾರೆ ಎಂದಳು. ಹುಡುಕಲಿ ಎಂದೆ. ಸಿಟ್ಟು ಬರುತ್ತದೆ ಎಂದಳು. ನನಗೆ ಬಂದ ಸಿಟ್ಟಿಗೆ ಬೆಲೆಯಿಲ್ಲವೇ ಎಂದೆ. ಆಮೇಲೆ ಮಾಮಾನ ಬಗ್ಗೆ, ಅವರ ಟವೆಲ್ಲಿನ ಬಗ್ಗೆ, ಅವರ ಅಂಗಡಿಯ ಬಗ್ಗೆ, ಗಂಡ ಕೈ ಮಾಡಿದ ಕೂಡಲೇ ಕೂತುಬಿಡುವ ಹೆಂಗಸರ ಬಗ್ಗೆ ನನ್ನ ಬಾಯಿಗೆ ಬಂದದ್ದೆಲ್ಲ ಅಂದೆ. ಕೋಣನ ಮುಂದೆ ಕಿನ್ನರಿ. ಅವಳು ಜರುಗುವ ಡಬ್ಬಿಗಳನ್ನು ನೋಡುತ್ತಾ ಕೂತಿದ್ದಳು. ಒಂದು ಬಂತು, ಬಾಗಿಲು ತೆರೆಯಿತು, ಮುಚ್ಚಿತು, ಹೋಯಿತು. ಇನ್ನೊಂದು ಬಂತು. ಹೀಗೆ ಏಳೆಂಟು ಹೋದವು. ನನಗೆ ಹೇಳಿ ಹೇಳಿ ಗಂಟಲು ಒಣಗಿತು, ನಾನೂ ಬಂದು ಅವಳ ಪಕ್ಕ ಕೂತೆ.

ಆಗ ಅಕ್ಕ ಬಾಯಿ ಬಿಟ್ಟಳು.

“ಎಲ್ಲಾ ಖಾಲೀನ ಹೊಂಟಾವಲ್ಲ.”

ಹೌದು ಎಂದೆ.

“ಕೂಸಿಲ್ಲ, ಅತ್ತಿ ಇಲ್ಲ, ಬುತ್ತಿ ಗಂಟಿಲ್ಲ. ಎದ್ದು ಜಾಗಾ ಕೊಡಾಕ ಒಂದು ಮುದುಕಿ ಸೈತ ಇಲ್ಲ. ನಾ ಯಾಕ ಕುಂತೀನಿ ಇಲ್ಲಿ?”

ನನಗೆ ಕೇಳಿದ್ದಲ್ಲ. ತನಗೆ ತಾನೇ ಕೇಳಿಕೊಂಡಳು. ಬೆಂಚಿಗೆ ಕೈ ಊರಿ ಎದ್ದಳು.

ಏಳುವುದು ಎದ್ದಳು, ಹತ್ತುವುದು ಹೇಗೆ? ಡಬ್ಬಿ ನಿಲ್ಲುವುದಿಲ್ಲ, ಅವಳ ಕಾಲು ಓಡುವುದಿಲ್ಲ. ಕಟ್ಟೆಯ ಅಂಚಿಗೆ ಹೋಗಿ ಎರಡು ಸಲ ಕಾಲು ಎತ್ತಿ, ಅಂಜಿ, ಹಿಂದಕ್ಕೆ ತೆಗೆದಳು. ಮೀಸೆಯವನು ಇದನ್ನು ನೋಡಿ ಗೋಡೆಯ ಹತ್ತಿರ ಹೋಗಿ ಒಂದು ಕೆಂಪು ಗುಂಡಿ ಒತ್ತಿದ. ಒಮ್ಮೆಲೇ ಎಲ್ಲ ನಿಂತಿತು. ಆ ತುದಿಯಿಂದ ಈ ತುದಿಯವರೆಗೆ ಇಡೀ ಹಗ್ಗ ಸ್ತಬ್ಧ. ಊರಿನ ಮೇಲೆ ಅಷ್ಟೂ ಡಬ್ಬಿಗಳು ಇದ್ದಲ್ಲೇ ತೂಗುತ್ತಾ ನಿಂತವು, ಅವುಗಳಲ್ಲೊಂದರಲ್ಲಿ ನಮ್ಮ ಮಾಮಾ. ಆ ಊರಿನ ಬಗ್ಗೆ ನಾನು ಬರೆದ ಕೆಟ್ಟ ಮಾತುಗಳಲ್ಲಿ ಒಂದನ್ನಾದರೂ ಈ ಮೀಸೆಯವನಿಗಾಗಿ ವಾಪಸ್ ತೆಗೆದುಕೊಳ್ಳುತ್ತೇನೆ. ಅವನು ಅಕ್ಕನ ಮೊಣಕೈ ಹಿಡಿದು, ತನ್ನ ತಾಯಿಯನ್ನು ಹತ್ತಿಸಿದಂತೆ ಒಳಗೆ ಹತ್ತಿಸಿ, ಕಿಟಕಿಯ ಪಕ್ಕ ಕೂಡಿಸಿ, ಆಮೇಲೆ ಹೋಗಿ ಗುಂಡಿ ಬಿಟ್ಟ.

ಕಟ್ಟೆ ದಾಟಿ ಡಬ್ಬಿ ಗಾಳಿಗೆ ಬಿದ್ದಾಗ ಅಕ್ಕ ನನ್ನ ಮುಂಗೈ ಹಿಡಿದಳು. ಅವಳ ಉಗುರು ಚುಚ್ಚಿದ ಗುರುತು ಎರಡು ದಿನ ಇತ್ತು. ಮೆಲ್ಲಗೆ ಬಿಟ್ಟಳು. ಗಾಜಿಗೆ ಹಣೆ ಹಚ್ಚಿದಳು.

ಕೆಳಗೆ ಏನಿತ್ತು ಎಂದು ಕೇಳುತ್ತೀರಾ? ನೀರಿನ ಟ್ಯಾಂಕುಗಳು. ಕಪ್ಪು ಟ್ಯಾಂಕು, ಬಿಳಿ ಟ್ಯಾಂಕು, ಮುಚ್ಚಳ ಹಾರಿದ ಟ್ಯಾಂಕು. ತುಕ್ಕು ಹಿಡಿದ ತಗಡು, ಅದರ ಮೇಲೆ ಹರಕು ತಾಡಪತ್ರಿ, ತಾಡಪತ್ರಿ ಹಾರದಂತೆ ಹಳೆಯ ಟೈರು. ಯಾವುದೋ ದವಾಖಾನೆಯ ಹಿತ್ತಲು, ಕರ್ರಗಿನ ಗಟಾರ, ಒಂದು ತಿಪ್ಪೆ. ಊರುಗಳು ತಮ್ಮ ಮುಖವನ್ನು ರಸ್ತೆಯ ಕಡೆ ಮಾಡಿ ಬೆನ್ನನ್ನು ಆಕಾಶಕ್ಕೆ ತೋರಿಸುತ್ತವೆ. ಆ ಬೆನ್ನನ್ನು ನೋಡಲು ಕಂಪನಿ ನಮ್ಮನ್ನು ಇಷ್ಟು ದೂರ ತಂದಿತ್ತು.

ಅಕ್ಕ ಮಾತ್ರ ಒಂದೊಂದನ್ನೂ ಕೇಳುತ್ತಿದ್ದಳು. ಆ ಮಾಳಿಗೆಯ ಮೇಲೆ ಕೆಂಪಗೆ ಒಣಹಾಕಿದ್ದು ಮೆಣಸಿನಕಾಯಿಯೇ? ಅಲ್ಲಿ ಸಂಡಿಗೆ ಇಡುತ್ತಿರುವ ಹೆಂಗಸು ತಲೆಯ ಮೇಲೆ ಸೆರಗು ಯಾಕೆ ಹೊದ್ದಿಲ್ಲ, ಇಂಥ ಬಿಸಿಲಲ್ಲಿ? ಮನುಷ್ಯರ ನೆತ್ತಿ ಇಷ್ಟು ಸಣ್ಣಗೆ ಕಾಣುತ್ತದೆಯೇ? ನಾನು ಬೇಕೋ ಬೇಡವೋ ಎಂಬಂತೆ ಉತ್ತರ ಕೊಡುತ್ತಿದ್ದೆ. ನನ್ನ ತಲೆಯಲ್ಲಿ ಮಾಮಾನ ಜೊತೆಗಿನ ಜಗಳ ಆಗಲೇ ಶುರುವಾಗಿತ್ತು. ಅವರು ಹೀಗಂದರೆ ನಾನು ಹಾಗನ್ನಬೇಕು ಎಂದು ಜೋಡಿಸಿಕೊಳ್ಳುತ್ತಿದ್ದೆ.

ಅರ್ಧ ದಾರಿಯಲ್ಲಿ ಎದುರಿನಿಂದ ಮಾಮಾ ಬಂದರು. ಆ ತುದಿಯಲ್ಲಿ ಇಳಿಯದೆ ಅದೇ ಡಬ್ಬಿಯಲ್ಲಿ ತಿರುಗಿದ್ದರು, ಹಿಡಿದ ಸೀಟು ಬಿಟ್ಟುಕೊಡುವ ಪೈಕಿ ಅಲ್ಲವಲ್ಲ. ನಮ್ಮನ್ನು ಕಂಡದ್ದೇ ಎದ್ದು ನಿಂತರು. ಡಬ್ಬಿ ವಾಲಿತು, ಕೂತರು. ಎಲ್ಲಿಗೆ ಎಂದು ಕೈ ಮಾಡಿದರು. ಕೂಡು ಅಂದಿದ್ದೆನಲ್ಲ ಎಂದು ಬೆಂಚಿನ ದಿಕ್ಕಿಗೆ ಬೆರಳು ತೋರಿಸಿದರು. ಗಾಜಿಗೆ ಬಡಿದರು. ಮೂಕಿ ಸಿನಿಮಾದಲ್ಲೂ ಇಷ್ಟು ಸಿಟ್ಟನ್ನು ನಾನು ಕಂಡಿಲ್ಲ. ಅಕ್ಕ ಅವರನ್ನು ಒಮ್ಮೆ ಪೂರಾ ನೋಡಿದಳು. ಆಮೇಲೆ ಸೀಟಿನ ಮೇಲೆ ಜರುಗಿ ಆಚೆ ಬದಿಯ ಗಾಜಿಗೆ ಮುಖ ಮಾಡಿ ಕೂತಳು. ಮಾಮಾ ನಮ್ಮನ್ನು ದಾಟಿ ಹೋದರು. ಆಮೇಲೆ ಬಸ್ಸಿನಲ್ಲಿ ಏನಾಯಿತು ಎಂಬುದು ಈ ಬರಹಕ್ಕೆ ಬೇಡ, ಆದದ್ದು ನಿಮಗೆ ಊಹಿಸಲು ಬಾರದ್ದೇನಲ್ಲ.

ನನಗೆ ಹಿಗ್ಗು ಬಂದಿತ್ತು, ಸುಳ್ಳು ಯಾಕೆ ಹೇಳಲಿ. ಅಕ್ಕನ ಕಡೆ ತಿರುಗಿ, ನೋಡಿದೆಯಾ ನಿನ್ನ ಗಂಡನ ಅವತಾರ ಎಂದು ಶುರು ಮಾಡಿದೆ. ಅವಳು ಕೇಳಿಸಿಕೊಳ್ಳಲಿಲ್ಲ. ದೂರದಲ್ಲಿ, ಊರು ಮುಗಿಯುವಲ್ಲಿ, ಯಾವುದೋ ಕೆರೆಯೋ ಹಳ್ಳವೋ ಬಿಸಿಲಿಗೆ ಬೆಳ್ಳಗೆ ಹೊಳೆಯುತ್ತಿತ್ತು. ಅದೇನು ಎಂದು ಕೇಳಿದಳು. ನನಗೆ ರೇಗಿತು. ಇಷ್ಟು ದೊಡ್ಡ ಕೆಲಸ ಮಾಡಿ ಕೂತವಳು ಅದರ ಬಗ್ಗೆ ಒಂದು ಮಾತಾಡದೆ, ಗಟಾರದ ನೀರನ್ನು ನೋಡಿ ಅದೇನು ಎನ್ನುತ್ತಾಳೆ.

“ಏನೈತಿ ಅಕ್ಕ ಇಲ್ಲಿ ನೋಡುವಂಥಾದ್ದು?” ಎಂದೆ. “ಏನೂ ಇಲ್ಲ. ಬರೀ ಟಾಕಿ, ತಗಡು.”

ಅಕ್ಕ ಗಾಜಿನಿಂದ ಹಣೆ ತೆಗೆದಳು. ನನ್ನನ್ನು ನೋಡಿದಳು. ಸಿಟ್ಟಿರಲಿಲ್ಲ ಆ ಮುಖದಲ್ಲಿ, ಇದ್ದಿದ್ದರೆ ಚೆನ್ನಾಗಿತ್ತು.

“ನೀ ಯಾವಾಗಲೂ ಹಂಗ ಅಂತಿ” ಎಂದಳು. “ಬೆಟ್ಟಾ ಇಳದು ಬಂದಾಗೊಮ್ಮೆ ಕೇಳತಿದ್ದೆ ನಿನಗ, ಮ್ಯಾಲ ಏನೈತಿ ಅಂತ. ಪ್ರತಿ ಸಲಾನೂ, ಏನೂ ಇಲ್ಲಕ್ಕ, ಬರೀ ಕಲ್ಲು ಅಂತಿದ್ದಿ. ಏನೂ ಇರಲಾರದ್ದಕ್ಕ ವರ್ಷಾ ವರ್ಷಾ ಯಾಕ ಹತ್ತತಿದ್ರಿ ಹಂಗಾರ?”

ನಾನು ಹಾಗೆ ಅನ್ನುತ್ತಿದ್ದುದು ನಿಜ. ಅವಳಿಗೆ ನೋವಾಗದಿರಲಿ ಎಂದು ಅನ್ನುತ್ತಿದ್ದೆ ಎಂದು ನನ್ನನ್ನು ನಾನು ನಂಬಿಸಿಕೊಂಡಿದ್ದೆ. ಈಗ ಅವಳ ಎದುರು ಕೂತು ನೋಡಿದರೆ, ಅದು ಕರುಣೆಯಲ್ಲ, ಸೋಮಾರಿತನ. ಬಿಸಿಲಲ್ಲಿ ದಣಿದು ಇಳಿದವಳಿಗೆ ಕೂತು ವಿವರಿಸುವ ತಾಳ್ಮೆ ಇರಲಿಲ್ಲ. ಬೇಗ ಊಟ ಬಡಿಸು ಎಂದು ಹೇಳುವುದಕ್ಕೆ ಮುಂಚಿನ ಮಾತು ಅದು. ಅವಳು ಕಾದ ಚಪ್ಪಲಿಗಳಲ್ಲಿ ನನ್ನದೂ ಒಂದು ಜೊತೆ ಇತ್ತು. ಒಂದು ವರ್ಷವಾದರೂ, ನೀನು ಹತ್ತು, ನಾನು ಕೂಡುತ್ತೇನೆ ಎಂದವಳಲ್ಲ ನಾನು, ಅವಳ ಕಾಲು ಗಟ್ಟಿಯಿದ್ದಾಗಲೂ. ಮಾಮಾನನ್ನು ಬೈಯುವ ನಾಲಿಗೆ ನನಗೆ ಎಷ್ಟು ಉದ್ದ ಇದೆಯೋ ಅಷ್ಟೇ ಉದ್ದದ ನಾಚಿಕೆ ಅವತ್ತು ಬಂತು.

ಹಾಗಾಗಿ ಹೇಳಿದೆ. ಆ ಡಬ್ಬಿಯಲ್ಲಿ, ಉಳಿದ ಐದಾರು ನಿಮಿಷದಲ್ಲಿ, ಇಷ್ಟು ವರ್ಷದ್ದನ್ನೆಲ್ಲ ಹೇಳಿದೆ. ಮೇಲಿನಿಂದ ನೋಡಿದರೆ ಹೊಳೆ ಬಂಡೆಗಳ ನಡುವೆ ಹೇಗೆ ಮುರಿದು ಮುರಿದು ಹೋಗುತ್ತದೆ ಎಂದು. ಭತ್ತದ ಗದ್ದೆಗಳಲ್ಲಿ ಒಂದರ ಹಸಿರು ಇನ್ನೊಂದಕ್ಕೆ ಇರುವುದಿಲ್ಲ ಎಂದು. ಬಾಳೆ ತೋಟದ ಮೇಲೆ ಗಾಳಿ ಬಂದರೆ ಇಡೀ ತೋಟ ಮಗ್ಗುಲು ಬದಲಿಸುತ್ತದೆ ಎಂದು. ಬೆವೆತ ಬೆನ್ನಿಗೆ ಅಲ್ಲಿಯ ಗಾಳಿ ತಾಗಿದಾಗ ಇಳಿಯಲು ಮನಸ್ಸೇ ಬರುವುದಿಲ್ಲ, ನಾವು ತಡವಾಗಿ ಬರುತ್ತಿದ್ದುದು ಗುಡಿಯ ಪಾಳಿಯಲ್ಲಿ ನಿಂತದ್ದರಿಂದಲ್ಲ, ಅಲ್ಲಿ ಸುಮ್ಮನೆ ಕೂತಿರುತ್ತಿದ್ದೆವು ಎಂದು.

ಅಕ್ಕ ಆ ದೂರದ ನೀರನ್ನು ನೋಡುತ್ತಲೇ ಎಲ್ಲವನ್ನೂ ಕೇಳಿದಳು. ಡಬ್ಬಿ ಆ ತುದಿಯ ಸ್ಟೇಷನ್ನಿನ ನೆರಳಿಗೆ ಸೇರುತ್ತಿತ್ತು.

“ಗೊತ್ತಿತ್ತು ನನಗ” ಎಂದಳು. “ಇಳದು ಬರೋ ಮುಂದ ನಿಮ್ಮೆಲ್ಲರ ಮಾರಿ ನೋಡತಿದ್ನಲ್ಲ.”